ಫೆಲೂದಾನನ್ನು ಮಕ್ಕಳಿಗಿತ್ತ ಸತ್ಯಜಿತ್ ರೇ

ಸತ್ಯಜಿತ್ ರೇ ಎಂದೊಡನೆ ನಮಗೆ ನೆನಪಾಗುವುದು 1955ರ ‘ಪಥೇರ್ ಪಾಂಚಾಲಿ’ ಚಲನಚಿತ್ರ. ಬಂಗಾಳದ ಮನೆಗಳಲ್ಲಿಯಾದರೋ ಅವರು ಪತ್ತೇದಾರ ಫೆಲೂದಾನ ಸೃಷ್ಟಿಕರ್ತರಾಗಿಯೂ ಅಷ್ಟೇ ಆಪ್ತರು. ‘ದಾ’ ಎಂದರೆ ಬಂಗಾಳಿಯಲ್ಲಿ ಅಣ್ಣ. ಈ ಅಣ್ಣನು ಹುಟ್ಟಿದ್ದು, ನಿಂತುಹೋಗಿದ್ದ ಮನೆತನದ ಪತ್ರಿಕೆಯೊಂದನ್ನು ಮತ್ತೆ ನಡೆಸುವ ಹಂಬಲದಿಂದ.

ಸತ್ಯಜಿತ್ ಅವರು 1921ರ ಮೇ 2ರಂದು ಕಲಕತ್ತೆಯಲ್ಲಿ ಜನಿಸಿದರು. ತಾತ ಉಪೇಂದ್ರಕಿಶೋರರು 1913ರಲ್ಲಿ ‘ಸಂದೇಶ್’ ಎಂಬ ಮಕ್ಕಳ ಮಾಸಪತ್ರಿಕೆಯನ್ನು ಆರಂಭಿಸಿದ್ದರು. ಸುದ್ದಿ ಮತ್ತು ಸಿಹಿತಿಂಡಿ, ಎರಡೂ ಅರ್ಥ ಆ ಹೆಸರಿಗುಂಟು. ಅವರ ನಂತರ ಅದನ್ನು ನಡೆಸಿದ ತಂದೆ ಸುಕುಮಾರ್ ರಾಯ್ 1923ರಲ್ಲಿ ಕಾಲಾ ಅಜಾರ್ ರೋಗದಿಂದ ತೀರಿಕೊಂಡಾಗ ಮಗನಿಗೆ ಮೂರು ವರ್ಷವೂ ತುಂಬಿರಲಿಲ್ಲ. ಮುದ್ರಣಾಲಯ ಕೈಬಿಟ್ಟಿತು, ಪತ್ರಿಕೆಯೂ ನಿಂತಿತು. ತಾಯಿ ಸುಪ್ರಭಾ ಅವರು ಮಗನೊಡನೆ ತಮ್ಮ ಸೋದರನ ಮನೆ ಸೇರಿದರು.

ಶಾಂತಿನಿಕೇತನದಲ್ಲಿ ಚಿತ್ರಕಲೆ ಕಲಿತ ಸತ್ಯಜಿತ್ 1943ರಲ್ಲಿ ಜಾಹೀರಾತು ಸಂಸ್ಥೆಯೊಂದಕ್ಕೆ ಸೇರಿದರು. ಪುಸ್ತಕಗಳಿಗೆ ಮುಖಪುಟ ರಚಿಸಿದರು; ಮುಂದೆ ಚಲನಚಿತ್ರ ನಿರ್ದೇಶಕರಾಗಿ ವಿಶ್ವಖ್ಯಾತಿ ಪಡೆದರು. ಆದರೂ ತಾತ, ತಂದೆಯರ ಪತ್ರಿಕೆಯನ್ನು ಅವರು ಮರೆಯಲಿಲ್ಲ. 1961ರಲ್ಲಿ, ತಮ್ಮ ನಲವತ್ತನೆಯ ವಯಸ್ಸಿನಲ್ಲಿ, ಕವಿ ಸುಭಾಷ್ ಮುಖೋಪಾಧ್ಯಾಯರೊಡನೆ ‘ಸಂದೇಶ್’ ಅನ್ನು ಪುನಃ ಆರಂಭಿಸಿದರು. ಅದರ ಪುಟಗಳಿಗಾಗಿಯೇ ಕಥೆ ಬರೆಯತೊಡಗಿದರು, ಚಿತ್ರಗಳನ್ನೂ ಬಿಡಿಸಿದರು. 1965ರ ಡಿಸೆಂಬರಿನಲ್ಲಿ ಡಾರ್ಜಿಲಿಂಗಿನ ಹಿನ್ನೆಲೆಯಲ್ಲಿ ಫೆಲೂದಾ ಮೊದಲ ಬಾರಿಗೆ ಕಾಣಿಸಿಕೊಂಡನು.

ಕಥೆ ಹೇಳುವವನು ಚಿಕ್ಕಪ್ಪನ ಮಗ, ಬಾಲಕ ತೋಪ್ಶೆ. ಹೀಗಾಗಿ ಓದುವ ಮಗುವಿಗೆ ತನ್ನ ವಯಸ್ಸಿನ ಜೊತೆಗಾರನೊಬ್ಬ ದೊರೆಯುತ್ತಾನೆ. ಫೆಲೂದಾ ಬಾಲ್ಯದಲ್ಲಿಯೇ ತಂದೆತಾಯಿಯರನ್ನು ಕಳೆದುಕೊಂಡು ಚಿಕ್ಕಪ್ಪನ ಆಶ್ರಯದಲ್ಲಿ ಬೆಳೆದವನು. ಬಂಧುಗಳ ಮನೆಯಲ್ಲಿ ಬೆಳೆದ ಲೇಖಕರ ಬಾಲ್ಯದ ನೆರಳನ್ನು ಇಲ್ಲಿ ಕಂಡರೆ ತಪ್ಪಾಗಲಾರದೆಂದು ನಮ್ಮ ಭಾವನೆ. ‘ಸೋನಾರ್ ಕೆಲ್ಲಾ’ದಿಂದ ಇವರೊಡನೆ ಸೇರುವ ಜಟಾಯು ಎಂಬ ಕಾವ್ಯನಾಮದ ಲಾಲ್‌ಮೋಹನ್ ಬಾಬು ರೋಮಾಂಚಕ ಕಾದಂಬರಿಗಳ ಲೇಖಕರು. ಅವರ ಪುಸ್ತಕಗಳಲ್ಲಿನ ತಪ್ಪುಗಳನ್ನು ಫೆಲೂದಾ ತಿದ್ದುವಾಗ ನಗುತ್ತ ನಗುತ್ತಲೇ ಮಕ್ಕಳು ಭೂಗೋಳವನ್ನೂ ವಿಜ್ಞಾನವನ್ನೂ ಕಲಿಯುತ್ತಾರೆ.

ಮಕ್ಕಳಿಗೆ ಸಲ್ಲದ ವಿಷಯಗಳನ್ನು ದೂರವಿಟ್ಟು ಅಪರಾಧದ ಕಥೆ ಬರೆಯುವುದು ಸುಲಭವಲ್ಲ. ರೇ ಅವರು ಬುದ್ಧಿಗೆ ಕೆಲಸ ಕೊಡುವ ಒಗಟು, ಪ್ರವಾಸ ಮತ್ತು ಇತಿಹಾಸಗಳಿಂದ ಕಥೆಗೆ ಬಿಗಿ ತಂದರು. ಲಖನೌ, ಕಾಶಿ, ಗ್ಯಾಂಗ್ಟಕ್, ಜೈಸಲ್ಮೇರ್ ಎಲ್ಲವೂ ಕಥೆಗಳಲ್ಲಿ ಬರುತ್ತವೆ. ಮುಂಬಯಿಯ ಚಿತ್ರೋದ್ಯಮದ ನಡುವೆಯೂ ಒಂದು ಸಾಹಸವಿದೆ. ಮತ್ತೊಂದರಲ್ಲಿ ಫೆಲೂದಾ ಶಿಲ್ಪಚೋರರ ಬೆನ್ನಟ್ಟಿ ಎಲ್ಲೋರಕ್ಕೆ ಬರುತ್ತಾನೆ. ಅಲ್ಲಿಯ ಕೈಲಾಸ ದೇವಾಲಯವು ರಾಷ್ಟ್ರಕೂಟ ದೊರೆ ಒಂದನೆಯ ಕೃಷ್ಣನ ಕಾಲದ್ದಾದುದರಿಂದ ಕನ್ನಡಿಗರಾದ ನಮಗೆ ಆ ಕಥೆಯಲ್ಲಿ ವಿಶೇಷ ಆಸಕ್ತಿ.

1974ರಲ್ಲಿ ‘ಸೋನಾರ್ ಕೆಲ್ಲಾ’, 1979ರಲ್ಲಿ ‘ಜೊಯ್ ಬಾಬಾ ಫೆಲೂನಾಥ್’ ಚಿತ್ರಗಳನ್ನು ಅವರೇ ನಿರ್ದೇಶಿಸಿದರು. ಜಟಾಯುವಿನ ಪಾತ್ರಧಾರಿ ಸಂತೋಷ್ ದತ್ತ 1988ರಲ್ಲಿ ನಿಧನರಾದ ಮೇಲೆ ಆ ಸ್ಥಾನದಲ್ಲಿ ಬೇರೊಬ್ಬರನ್ನು ಕಲ್ಪಿಸಿಕೊಳ್ಳಲು ರೇ ಅವರಿಗೆ ಸಾಧ್ಯವಾಗಲಿಲ್ಲ. ಫೆಲೂದಾನ ಮೂರನೆಯ ಚಿತ್ರವನ್ನು ಅವರು ಮಾಡಲೇ ಇಲ್ಲ. ಕಥೆಗಳು ಮಾತ್ರ ಮುಂದುವರಿದು 35ಕ್ಕೆ ತಲುಪಿದವು. ಭಾರತರತ್ನ ಮತ್ತು ಗೌರವ ಆಸ್ಕರ್ ಲಭಿಸಿದ 1992ರಲ್ಲೇ, ಏಪ್ರಿಲ್ 23ರಂದು ಅವರು ಕಣ್ಮುಚ್ಚಿದರು.

ವಿಶ್ವವೇ ಮನ್ನಿಸಿದ ಕಲಾವಿದರೊಬ್ಬರು ಮೂರು ದಶಕಗಳ ಕಾಲ ತಾಯ್ನುಡಿಯ ಮಕ್ಕಳಿಗಾಗಿ ಬಿಡುವು ಮಾಡಿಕೊಂಡು ಬರೆದರು. ನಮ್ಮ ಮಕ್ಕಳು ಕನ್ನಡ ಓದುವುದಿಲ್ಲವೆಂದು ಹೊರನಾಡಿನಲ್ಲಿ ನಾವು ಕೊರಗುತ್ತೇವೆ. ಓದಲೇಬೇಕೆನಿಸುವಂಥದನ್ನು ಅವರ ಕೈಗಿತ್ತಿದ್ದೇವೆಯೇ ಎಂಬ ಪ್ರಶ್ನೆಯನ್ನು ಈ ಹಿರಿಯರ ಬಾಳು ನಮ್ಮ ಮುಂದಿಡುತ್ತದೆ.