ಸಾರ್ಜೆಂಟ್ ಹೆನ್ರಿ ಜಾನ್ಸನ್: ದಾಖಲೆಗೆ ಸೇರದ ಗಾಯಗಳು

ನ್ಯೂಯಾರ್ಕ್ ರಾಜ್ಯದ ರಾಜಧಾನಿಯಾದ ಆಲ್ಬನಿಯಲ್ಲಿ ಹೆನ್ರಿ ಜಾನ್ಸನ್ ಬುಲೆವಾರ್ಡ್ ಎಂಬ ರಸ್ತೆಯಿದೆ. ಅಲ್ಲಿನ ವಾಷಿಂಗ್ಟನ್ ಪಾರ್ಕಿನಲ್ಲಿ ಅದೇ ಹೆಸರಿನ ಸೈನಿಕನ ಸ್ಮಾರಕವೂ ಇದೆ. ಆ ಊರಿನಲ್ಲಿ ನೆಲೆಸಿರುವ ಕನ್ನಡಿಗರು ಆ ರಸ್ತೆಯಲ್ಲಿ ಅದೆಷ್ಟೋ ಸಲ ಓಡಾಡಿರುತ್ತಾರೆ. ಆದರೆ ಹೆನ್ರಿ ಜಾನ್ಸನ್ ಯಾರೆಂಬುದು ಎಲ್ಲರಿಗೂ ತಿಳಿದಿರಲಾರದು. ಮೊದಲನೆಯ ಮಹಾಯುದ್ಧದಲ್ಲಿ ಒಂದೇ ರಾತ್ರಿಯಲ್ಲಿ 21 ಗಾಯಗಳನ್ನು ಹೊತ್ತ ಈ ಯೋಧರ ಸೇವಾ ಬಿಡುಗಡೆ ಪತ್ರದಲ್ಲಿ ಅವುಗಳಲ್ಲಿ ಒಂದರ ಉಲ್ಲೇಖವೂ ಇರಲಿಲ್ಲ. ಅವರಿಗೆ ಸಲ್ಲಬೇಕಾದ ಪದಕಗಳನ್ನು ಅವರ ದೇಶ ಕೊಟ್ಟು ಮುಗಿಸಿದ್ದು 2015ರಲ್ಲಿ. ಆ ಹೊತ್ತಿಗೆ ಅವರು ತೀರಿಕೊಂಡು ಸುಮಾರು 86 ವರ್ಷಗಳು ಕಳೆದಿದ್ದವು.

ಜಾನ್ಸನ್ ಅವರ ಬದುಕಿನ ದಾಖಲೆಗಳ ಗೊಂದಲ ಹುಟ್ಟಿನಿಂದಲೇ ಆರಂಭವಾಗುತ್ತದೆ. ಅವರು ಜನಿಸಿದ್ದು ನಾರ್ತ್ ಕ್ಯಾರೊಲೈನಾದ ವಿನ್‌ಸ್ಟನ್-ಸೇಲಮ್‌ನಲ್ಲಿ. 1892ರ ಜುಲೈ 15 ಎಂಬ ದಿನಾಂಕ ಇಂದು ರೂಢಿಯಲ್ಲಿದೆಯಾದರೂ ಅವರೇ ಬೇರೆ ಬೇರೆ ಕಾಗದಗಳಲ್ಲಿ ಬೇರೆ ಬೇರೆ ದಿನಾಂಕಗಳನ್ನು ಬರೆಸಿದ್ದುಂಟು. ಹದಿಹರೆಯದಲ್ಲಿ ಆಲ್ಬನಿಗೆ ಬಂದು ಕಲ್ಲಿದ್ದಲ ಅಂಗಳದಲ್ಲಿ, ಸೋಡಾ ಅಂಗಡಿಯಲ್ಲಿ ದುಡಿದರು. ಕೊನೆಗೆ ಅಲ್ಲಿನ ಯೂನಿಯನ್ ರೈಲು ನಿಲ್ದಾಣದಲ್ಲಿ ಹೊರೆಯಾಳಾದರು. ನಮ್ಮ ನಿಲ್ದಾಣಗಳಲ್ಲಿ ಕೂಲಿಯವರನ್ನು ಕೆಂಪಂಗಿಯಿಂದ ಗುರುತಿಸುವಂತೆ ಅಲ್ಲಿ ಕೆಂಪು ಟೋಪಿಯಿಂದ ಗುರುತಿಸುತ್ತಿದ್ದರು. ಅವರದು ಐದಡಿ ನಾಲ್ಕಂಗುಲದ ಎತ್ತರ, 130 ಪೌಂಡು ತೂಕದ ಸಣ್ಣ ಮೈಕಟ್ಟು.

1917ರ ಜೂನ್ 5ರಂದು ಅವರು ನ್ಯೂಯಾರ್ಕಿನ 15ನೆಯ ಪದಾತಿ ರೆಜಿಮೆಂಟನ್ನು ಸೇರಿದರು. ಕರಿಯ ಸೈನಿಕರಿಗೆಂದೇ ಇದ್ದ ಈ ನ್ಯಾಷನಲ್ ಗಾರ್ಡ್ ದಳವೇ ಮುಂದೆ 369ನೆಯ ರೆಜಿಮೆಂಟ್ ಎಂದು ಮರುನಾಮಕರಣಗೊಂಡು, ಹಾರ್ಲೆಮ್ ಹೆಲ್‌ಫೈಟರ್ಸ್ ಎಂಬ ಅಡ್ಡಹೆಸರಿನಿಂದ ಪ್ರಸಿದ್ಧವಾಯಿತು. ದಳಪತಿ ಕರ್ನಲ್ ವಿಲಿಯಂ ಹೇವರ್ಡ್ ಬಿಳಿಯರು. ಫ್ರಾನ್ಸ್ ತಲುಪಿದ ಮೇಲೆ ಈ ಸೈನಿಕರಿಗೆ ಮೊದಲು ಸಿಕ್ಕದ್ದು ಬಂದರಿನಲ್ಲಿ ಹಡಗುಗಳ ಸರಕನ್ನು ಇಳಿಸುವ ಕೆಲಸ. ಕರಿಯರ ಪಕ್ಕದಲ್ಲಿ ನಿಂತು ಹೋರಾಡಲು ಬಿಳಿಯ ಅಮೆರಿಕನ್ ದಳಗಳು ಸಿದ್ಧವಿರಲಿಲ್ಲ. ಫ್ರೆಂಚರಿಗಾದರೋ ಆಳುಗಳ ತೀವ್ರ ಕೊರತೆಯಿತ್ತು. ಅಮೆರಿಕನ್ ಪಡೆಗಳ ಮಹಾದಂಡನಾಯಕ ಜನರಲ್ ಪರ್ಶಿಂಗ್ ಇಡೀ ರೆಜಿಮೆಂಟನ್ನು ಫ್ರೆಂಚ್ ಸೇನೆಗೆ ಒಪ್ಪಿಸಿಬಿಟ್ಟರು. ಮೈಮೇಲೆ ಅಮೆರಿಕದ ಸಮವಸ್ತ್ರ, ತಲೆಯ ಮೇಲೆ ಫ್ರೆಂಚ್ ಶಿರಸ್ತ್ರಾಣ, ಕೈಯಲ್ಲಿ ಫ್ರೆಂಚ್ ಬಂದೂಕು. ಜಾನ್ಸನ್ ಅವರ ಮುಂದಿನ ಕಥೆಯ ಬಹುಪಾಲು ಈ ಒಂದು ಆಡಳಿತಾತ್ಮಕ ನಿರ್ಧಾರದಿಂದ ಹುಟ್ಟಿತೆಂಬುದು ನನ್ನ ಅಭಿಪ್ರಾಯ. ಕಾದಾಡಿದ್ದು ಒಂದು ದೇಶದ ಅಧೀನದಲ್ಲಿ, ಕಡತವಿದ್ದದ್ದು ಇನ್ನೊಂದು ದೇಶದ ಕಚೇರಿಯಲ್ಲಿ.

1918ರ ಮೇ 15ರ ನಸುಕಿಗೆ ಮುನ್ನ, ಆರ್ಗಾನ್ ಅರಣ್ಯದ ಅಂಚಿನ ಒಂದು ಮುಂಚೂಣಿ ಕಾವಲುಗುಳಿಯಲ್ಲಿ ಜಾನ್ಸನ್ ಮತ್ತು ನ್ಯೂಜೆರ್ಸಿಯ ಟ್ರೆಂಟನ್ನಿನಿಂದ ಬಂದಿದ್ದ ತರುಣ ನೀಡಮ್ ರಾಬರ್ಟ್ಸ್ ಪಹರೆಯಲ್ಲಿದ್ದರು. ಕತ್ತಲಿನಲ್ಲಿ ಮುಳ್ಳುತಂತಿಯನ್ನು ಕತ್ತರಿಸುವ ಸದ್ದು ಕೇಳಿಸಿತು. ಮರುಕ್ಷಣವೇ ಜರ್ಮನ್ ದಾಳಿತಂಡವೊಂದು ಗ್ರೆನೇಡುಗಳನ್ನು ಎಸೆಯುತ್ತ ಮೇಲೆ ಬಿತ್ತು. ತಂಡದಲ್ಲಿ ಕನಿಷ್ಠ 12 ಜನರಿದ್ದರೆಂದು ಅಧಿಕೃತ ಪ್ರಶಸ್ತಿಪತ್ರ ಹೇಳುತ್ತದೆ. 20ಕ್ಕೂ ಮಿಗಿಲೆನ್ನುವ ವಿವರಣೆಗಳೂ ಇವೆ. ರಾಬರ್ಟ್ಸ್ ತೀವ್ರವಾಗಿ ಗಾಯಗೊಂಡು ಕುಸಿದರು, ಆದರೂ ಮಲಗಿದಲ್ಲಿಂದಲೇ ಜಾನ್ಸನ್ನರ ಕೈಗೆ ಗ್ರೆನೇಡುಗಳನ್ನು ಒದಗಿಸುತ್ತಿದ್ದರು. ಗ್ರೆನೇಡು ಮುಗಿದ ಮೇಲೆ ಜಾನ್ಸನ್ ಬಂದೂಕು ಹಿಡಿದರು. ಫ್ರೆಂಚ್ ಬಂದೂಕಿಗೆ ಅವಸರದಲ್ಲಿ ಅಮೆರಿಕನ್ ತೋಟಾಗಳನ್ನು ತುರುಕಿದ್ದರಿಂದ ಅದು ಸಿಕ್ಕಿಹಾಕಿಕೊಂಡಿತು. ಅದನ್ನೇ ದೊಣ್ಣೆಯಂತೆ ತಿರುಗಿಸಿ ಹೊಡೆದರು. ಹಿಡಿಕೆ ಸೀಳಿ ಚೂರಾಯಿತು. ಅಷ್ಟರಲ್ಲಿ ಶತ್ರುಗಳು ರಾಬರ್ಟ್ಸ್ ಅವರನ್ನು ಸೆರೆಯಾಗಿ ಎಳೆದೊಯ್ಯುತ್ತಿರುವುದು ಕಣ್ಣಿಗೆ ಬಿತ್ತು. ಸೊಂಟದಲ್ಲಿದ್ದುದು ಒಂದು ಬೋಲೋ ಕತ್ತಿ, ನಮ್ಮ ಮಚ್ಚಿನಂತಹ ಭಾರವಾದ ಅಲಗು. ಅದೊಂದನ್ನೇ ಹಿಡಿದು ಅವರು ಗುಂಪಿನೊಳಗೆ ನುಗ್ಗಿ ಸಂಗಾತಿಯನ್ನು ಬಿಡಿಸಿದರು. ನೆರವಿನ ಪಡೆ ಬರುವವರೆಗೆ ಅವರು ಬಿದ್ದಿರಲಿಲ್ಲ. ಬೆಳಕು ಹರಿದಾಗ ನಾಲ್ಕು ಜನ ಶತ್ರುಗಳು ಸತ್ತಿರುವುದಕ್ಕೆ ಕುರುಹು ಸಿಕ್ಕಿತು. ಜಾನ್ಸನ್ನರ ಎಡಪಾದ ನುಜ್ಜುಗುಜ್ಜಾಗಿತ್ತು. ಶಸ್ತ್ರವೈದ್ಯರು ಅದರ ಮೂಳೆಗಳನ್ನೇ ತೆಗೆಯಬೇಕಾಯಿತು.

ಫ್ರೆಂಚ್ ಸರ್ಕಾರ ತಡಮಾಡಲಿಲ್ಲ. ತನ್ನ ಶೌರ್ಯ ಪದಕವಾದ ಕ್ರೋವಾ ದ ಗೆರ್ ಅನ್ನು ಇಬ್ಬರಿಗೂ ನೀಡಿತು. ಜಾನ್ಸನ್ನರದಕ್ಕೆ ಚಿನ್ನದ ತಾಳೆಗರಿಯ ಲಾಂಛನವೂ ಸೇರಿತ್ತು. ಆ ಪದಕ ಪಡೆದ ಮೊದಲ ಅಮೆರಿಕನ್ನರಲ್ಲಿ ಇವರೂ ಸೇರುತ್ತಾರೆ. ಅಮೆರಿಕದ ಪತ್ರಿಕೆಗಳು ಆ ರಾತ್ರಿಯ ಘಟನೆಗೆ ಹೆನ್ರಿ ಜಾನ್ಸನ್ ಸಮರವೆಂದೇ ಹೆಸರಿಟ್ಟವು. 1919ರ ಫೆಬ್ರವರಿ 17ರಂದು ರೆಜಿಮೆಂಟು ನ್ಯೂಯಾರ್ಕಿನ ಫಿಫ್ತ್ ಅವೆನ್ಯೂದಲ್ಲಿ ಹಾರ್ಲೆಮ್‌ವರೆಗೆ ವಿಜಯಯಾತ್ರೆ ನಡೆಸಿದಾಗ, ನಡೆಯಲಾರದ ಜಾನ್ಸನ್ ತೆರೆದ ಕಾರಿನಲ್ಲಿ ನಿಂತು ಜನರ ಜಯಕಾರವನ್ನು ಸ್ವೀಕರಿಸಿದರು. ಸೇನಾ ಭರ್ತಿಯ ಪ್ರಚಾರಕ್ಕೂ ಯುದ್ಧನಿಧಿಯ ಸ್ಟಾಂಪುಗಳ ಮಾರಾಟಕ್ಕೂ ಸರ್ಕಾರ ಅವರ ಹೆಸರನ್ನು ಬಳಸಿಕೊಂಡಿತು.

ಸರ್ಕಾರದ ಜಾಹೀರಾತಿಗೆ ಅವರ ಗಾಯಗಳು ಬೇಕಿದ್ದವು. ಸರ್ಕಾರದ ಗುಮಾಸ್ತರು ಬರೆದ ಬಿಡುಗಡೆ ಪತ್ರದಲ್ಲಿ ಮಾತ್ರ ಅವು ಕಾಣಿಸಲಿಲ್ಲ. ಅಂದಿನ ಪದ್ಧತಿಯಲ್ಲಿ ನಿವೃತ್ತ ಸೈನಿಕನಿಗೆ ಆ ಪತ್ರವೇ ಸರ್ವಸ್ವ. ಅಂಗವೈಕಲ್ಯ ಪರಿಹಾರ ಕೇಳಲು, ಗಾಯಾಳುವೆಂದು ತೋಳಪಟ್ಟಿ ಧರಿಸಲು, ಮುಂದೆ ಪದಕಕ್ಕಾಗಿ ಅರ್ಜಿ ಹಾಕಲು ಅದೇ ಆಧಾರ. ಅಮೆರಿಕದ ಸೇನೆಯಿಂದ ಅವರಿಗೆ ಒಂದು ಶೌರ್ಯ ಪದಕವೂ ಬರಲಿಲ್ಲ. ಇಲ್ಲಿ ಒಂದು ವಿಷಯವನ್ನು ಸ್ಪಷ್ಟಪಡಿಸಬೇಕು. ಅವರಿಗೆ ಆಗಲೇ ಪರ್ಪಲ್ ಹಾರ್ಟ್ ನಿರಾಕರಿಸಲಾಯಿತೆಂದು ಹಲವೆಡೆ ಬರೆಯಲಾಗಿದೆ. ಗಾಯಗೊಂಡ ಯೋಧರಿಗೆ ಕೊಡುವ ಆ ಪದಕ ಇಂದಿನ ರೂಪದಲ್ಲಿ ಜಾರಿಗೆ ಬಂದದ್ದು 1932ರಲ್ಲಿ. ಬದುಕಿದ್ದ ಗಾಯಾಳುಗಳು ತಮ್ಮ ದಾಖಲೆ ತೋರಿಸಿ ಅದನ್ನು ಪಡೆದಾಗ ಜಾನ್ಸನ್ ಇರಲಿಲ್ಲ, ಅವರ ದಾಖಲೆಯಲ್ಲಿ ಗಾಯಗಳೂ ಇರಲಿಲ್ಲ.

ಸೇನೆಯಿಂದ ಬಿಡುಗಡೆಯಾದ ಬಳಿಕ ಸ್ವಲ್ಪ ಕಾಲ ಭಾಷಣಗಳ ಸಂಪಾದನೆಯಿತ್ತು. 1919ರ ಮಾರ್ಚಿಯಲ್ಲಿ ಸೇಂಟ್ ಲೂಯಿಸ್‌ನ ಸಭೆಯೊಂದರಲ್ಲಿ, ಸಭಿಕರು ನಿರೀಕ್ಷಿಸಿದ್ದ ವೀರಗಾಥೆಗೆ ಬದಲಾಗಿ, ಬಿಳಿಯ ಸೈನಿಕರು ಕರಿಯರನ್ನು ನಡೆಸಿಕೊಂಡ ಬಗೆಯನ್ನು ಅವರು ಬಿಚ್ಚಿಟ್ಟರು. ಆಮಂತ್ರಣಗಳು ನಿಂತವು. ಪೆಟ್ಟಾದ ಪಾದದಿಂದ ನಿಲ್ದಾಣದ ಹೊರೆ ಹೊರಲಾಗಲಿಲ್ಲ. ಕುಡಿತ ಹತ್ತಿತು, ಪತ್ನಿ ಎಡ್ನಾ ಅವರೊಂದಿಗಿನ ಸಂಸಾರ ಮುರಿಯಿತು. 1929ರ ಜುಲೈಯಲ್ಲಿ, ನಲವತ್ತು ತುಂಬುವ ಮೊದಲೇ, ಹೃದಯದ ಸ್ನಾಯುವಿನ ಉರಿಯೂತದಿಂದ ವಾಷಿಂಗ್ಟನ್ ನಗರದಲ್ಲಿ ತೀರಿಕೊಂಡರು.

ಅವರನ್ನು ಆಲ್ಬನಿಯಲ್ಲೆಲ್ಲೋ ಅನಾಥ ಶವದಂತೆ ಮಣ್ಣು ಮಾಡಿದರೆಂಬ ನಂಬಿಕೆ ದಶಕಗಳ ಕಾಲ ಬೇರೂರಿತ್ತು. ಹುಡುಕುವವರು ಹೆನ್ರಿ ಜಾನ್ಸನ್ ಎಂಬ ಹೆಸರಿಗಾಗಿ ಅರಸುತ್ತಿದ್ದರು. ಸಮಾಧಿಯ ದಾಖಲೆಯಿದ್ದದ್ದು ವಿಲಿಯಂ ಹೆನ್ರಿ ಜಾನ್ಸನ್ ಎಂಬ ಪೂರ್ಣ ಹೆಸರಿನಡಿ. 21ನೆಯ ಶತಮಾನದ ಆರಂಭದಲ್ಲಿ ಇತಿಹಾಸಕಾರರು ಅದನ್ನು ಪತ್ತೆಹಚ್ಚಿದಾಗ ಅವರು ಸೇನಾ ಗೌರವದೊಂದಿಗೆ ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನದಲ್ಲೇ ಮಲಗಿದ್ದುದು ತಿಳಿಯಿತು. ಇನ್ನೂ ಒಂದು ಕಾಗದ ಹೊರಬಂದಿದೆ. ಕ್ಷಯರೋಗದ ಕಾರಣದಿಂದ ಅವರನ್ನು ಪೂರ್ಣ ಅಶಕ್ತರೆಂದು 1927ರಲ್ಲಿ ನಿವೃತ್ತ ಸೈನಿಕರ ಇಲಾಖೆ ಪರಿಗಣಿಸಿ ಮಾಸಿಕ ಪರಿಹಾರ ಕೊಡುತ್ತಿತ್ತು. ಆದ್ದರಿಂದ ಅವರು ಸರ್ಕಾರದಿಂದ ಬಿಡಿಗಾಸೂ ಕಾಣದೆ ಸತ್ತರೆಂಬ ಕಥೆಯನ್ನು ನಾವು ಮತ್ತೆ ಮತ್ತೆ ಹೇಳುವುದು ಸಲ್ಲದು. ಅನ್ಯಾಯ ನಡೆದದ್ದು ನಿಜ, ಅದಕ್ಕೆ ಉತ್ಪ್ರೇಕ್ಷೆಯ ಆಸರೆ ಬೇಕಿಲ್ಲ. ರೋಗಕ್ಕೆ ಪರಿಹಾರ ಸಿಕ್ಕಿತು. ಯುದ್ಧದ ಗಾಯಗಳು ಕಡತದ ಹೊರಗೇ ಉಳಿದವು.

ಸೇನಾ ದಾಖಲೆಯ ತಪ್ಪನ್ನು ತಿದ್ದಿಸಿಕೊಳ್ಳಲು ಅವರ ಕಾಲದಲ್ಲಿ ಸಾಮಾನ್ಯರಿಗೆ ದಾರಿಯೇ ಕಡಿಮೆಯಿತ್ತು. ಕಾಂಗ್ರೆಸ್ಸಿನ ಸದಸ್ಯರೊಬ್ಬರನ್ನು ಒಲಿಸಿ ಖಾಸಗಿ ವಿಧೇಯಕ ಮಂಡಿಸಬೇಕಿತ್ತು. 1946ರ ಕಾನೂನು ಆ ಪದ್ಧತಿಯನ್ನು ಕೈಬಿಟ್ಟು, ದಾಖಲೆ ತಿದ್ದುವ ನಾಗರಿಕ ಮಂಡಳಿಗಳಿಗೆ ಅವಕಾಶ ಮಾಡಿತು. ಆದರೆ ಮಂಡಳಿಯೂ ಪುರಾವೆ ಕೇಳುತ್ತದೆ. 1973ರ ಜುಲೈ 12ರಂದು ಸೇಂಟ್ ಲೂಯಿಸ್ ಸಮೀಪದ ರಾಷ್ಟ್ರೀಯ ಸಿಬ್ಬಂದಿ ದಾಖಲಾಲಯಕ್ಕೆ ಬೆಂಕಿ ಬಿದ್ದು, 1912ರಿಂದ 1960ರವರೆಗೆ ಬಿಡುಗಡೆಯಾದ ಭೂಸೇನೆಯ ಸಿಬ್ಬಂದಿಯ ಕಡತಗಳಲ್ಲಿ ಶೇಕಡಾ 80ರಷ್ಟು ನಾಶವಾದವು. ಇಂದಿಗೂ ಅಜ್ಜನ ಪದಕಕ್ಕಾಗಿ ಅರ್ಜಿ ಹಾಕುವ ಅನೇಕ ಕುಟುಂಬಗಳಿಗೆ ಬರುವ ಉತ್ತರದಲ್ಲಿ ಆ ಬೆಂಕಿಯ ಪ್ರಸ್ತಾಪವಿರುತ್ತದೆ.

ಜಾನ್ಸನ್ನರ ಪರವಾಗಿ ಹೋರಾಟ ಕೈಗೆತ್ತಿಕೊಂಡವರು ಆಲ್ಬನಿಯ ನಿವೃತ್ತ ಸೈನಿಕರು. ಅವರೊಂದಿಗೆ ನಿಂತವರು ಹರ್ಮನ್ ಜಾನ್ಸನ್. ಎರಡನೆಯ ಮಹಾಯುದ್ಧದ ಪ್ರಸಿದ್ಧ ಕರಿಯ ವೈಮಾನಿಕ ದಳವಾದ ಟಸ್ಕೀಗಿ ಏರ್‌ಮೆನ್‌ಗೆ ಸೇರಿದ್ದ ಅವರು ತಾವು ಹೆನ್ರಿಯವರ ಮಗನೆಂದೇ ನಂಬಿ ಬೆಳೆದವರು. 1996ರಲ್ಲಿ ಅಧ್ಯಕ್ಷ ಕ್ಲಿಂಟನ್ ಕಾಲದಲ್ಲಿ ಮರಣೋತ್ತರ ಪರ್ಪಲ್ ಹಾರ್ಟ್ ಬಂತು. 2002ರಲ್ಲಿ ಸೇನೆಯ ಎರಡನೆಯ ಅತ್ಯುನ್ನತ ಪದಕವಾದ ಡಿಸ್ಟಿಂಗ್ವಿಷ್ಡ್ ಸರ್ವಿಸ್ ಕ್ರಾಸ್ ಘೋಷಣೆಯಾಯಿತು. ಅತ್ಯುನ್ನತವಾದ ಮೆಡಲ್ ಆಫ್ ಆನರ್‌ಗೆ ಮಾತ್ರ ಸಾಕಷ್ಟು ಸಮಕಾಲೀನ ದಾಖಲೆಗಳಿಲ್ಲವೆಂಬ ಅಡ್ಡಿ ಉಳಿಯಿತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಆ ಪದಕ ಒಬ್ಬ ಕರಿಯ ಸೈನಿಕನಿಗೂ ಸಿಕ್ಕಿರಲಿಲ್ಲ. ಫ್ರೆಡ್ಡಿ ಸ್ಟವರ್ಸ್ ಎಂಬ ಹುತಾತ್ಮ ಕಾರ್ಪೋರಲ್ಲರಿಗೆ 1991ರಲ್ಲಿ ಮೊದಲ ಬಾರಿಗೆ ಅದು ಸಂದಿತು.

ನ್ಯೂಯಾರ್ಕಿನ ಸೆನೆಟರ್ ಚಕ್ ಶೂಮರ್ ಅವರ ಕಚೇರಿಯ ಸಿಬ್ಬಂದಿಗೆ ಕೊನೆಗೂ ಬೇಕಾದ ಕಾಗದ ಸಿಕ್ಕಿತು. ಕಾಳಗ ನಡೆದ ಕೆಲವೇ ದಿನಗಳಲ್ಲಿ ಜಾನ್ಸನ್ ಮತ್ತು ರಾಬರ್ಟ್ಸ್ ಅವರ ಸಾಹಸವನ್ನು ವರದಿ ಮಾಡಿ ಕಳುಹಿಸಿದ್ದ ಒಂದು ಅಧಿಕೃತ ಸಂದೇಶ ಅದು. ಕಳುಹಿಸಿದವರು ಜನರಲ್ ಪರ್ಶಿಂಗ್. ರೆಜಿಮೆಂಟನ್ನು ತಮ್ಮ ಪಡೆಯಿಂದ ಹೊರಗೆ ದಾಟಿಸಿದ್ದವರ ಬರಹವೇ ಒಂಬತ್ತು ದಶಕಗಳ ಬಳಿಕ ಮುಖ್ಯ ಸಾಕ್ಷಿಯಾಯಿತು. ಸುಮಾರು 1,300 ಪುಟಗಳ ಮನವಿ ಸೇನೆಗೆ ಹೋಯಿತು. ಘಟನೆ ನಡೆದ ನಿಗದಿತ ವರ್ಷಗಳೊಳಗೆ ಮಾತ್ರ ಈ ಪದಕ ಕೊಡಬಹುದೆಂಬ ನಿಯಮವಿದ್ದುದರಿಂದ, 2014ರ ಕೊನೆಯಲ್ಲಿ ಕಾಂಗ್ರೆಸ್ ಕಾನೂನಿನ ಮೂಲಕ ವಿನಾಯಿತಿ ನೀಡಬೇಕಾಯಿತು.

ಇಷ್ಟಾದ ಮೇಲೆ ಇನ್ನೊಂದು ಕಾಗದ ತೆರೆದುಕೊಂಡಿತು. ಪದಕವನ್ನು ಯಾರ ಕೈಗೆ ಕೊಡಬೇಕೆಂದು ತಿಳಿಯಲು ಸೇನೆ ವಂಶಾವಳಿಯನ್ನು ಪರಿಶೀಲಿಸಿತು. ಜನನ ದಾಖಲೆಯ ಪ್ರಕಾರ ಹರ್ಮನ್ ಅವರ ತಂದೆ ಬೇರೆಯವರು. ಹೆನ್ರಿಯವರೊಂದಿಗೆ ರಕ್ತಸಂಬಂಧವಿಲ್ಲವೆಂದು ನಿರ್ಣಯವಾಯಿತು. ಹರ್ಮನ್ 2004ರಲ್ಲೇ ನಿಧನರಾಗಿದ್ದರು. ಹೆನ್ರಿಯವರ ಹೆಸರನ್ನು ದಾಖಲೆಗೆ ಸೇರಿಸಲು ಅಷ್ಟು ವರ್ಷ ದುಡಿದ ಕುಟುಂಬವನ್ನು ಅದೇ ದಾಖಲೆಗಳು ಹೊರಗಿಟ್ಟವು. ನಿಯಮ ನಿಯಮವೇ. ಆದರೂ ಇದನ್ನು ಓದುವಾಗ ಮನಸ್ಸು ಭಾರವಾಗದಿರದು.

2015ರ ಜೂನ್ 2ರಂದು ಶ್ವೇತಭವನದಲ್ಲಿ ಅಧ್ಯಕ್ಷ ಒಬಾಮ ಎರಡು ಮರಣೋತ್ತರ ಪದಕಗಳನ್ನು ಪ್ರದಾನ ಮಾಡಿದರು. ಒಂದು ಯಹೂದಿ ಯೋಧ ವಿಲಿಯಂ ಶೆಮಿನ್ ಅವರದು. ಅದನ್ನು ಅವರ ಪುತ್ರಿಯರು ಸ್ವೀಕರಿಸಿದರು. ಜಾನ್ಸನ್ ಅವರದನ್ನು ಬಂಧುಗಳ ಬದಲಿಗೆ ನ್ಯೂಯಾರ್ಕ್ ನ್ಯಾಷನಲ್ ಗಾರ್ಡಿನ ಹಿರಿಯ ಸಾರ್ಜೆಂಟ್ ಮೇಜರ್ ಒಬ್ಬರು ಪಡೆದುಕೊಂಡರು. 2023ರ ಜೂನ್‌ನಲ್ಲಿ ಲೂಸಿಯಾನದ ದೊಡ್ಡ ಸೇನಾ ನೆಲೆಯಾದ ಫೋರ್ಟ್ ಪೋಕ್‌ಗೆ ಫೋರ್ಟ್ ಜಾನ್ಸನ್ ಎಂದು ಹೆಸರಿಡಲಾಯಿತು. 2025ರಲ್ಲಿ ಆ ಹೆಸರನ್ನು ತೆಗೆದು, ಪೋಕ್ ಎಂಬ ಉಪನಾಮದ ಇನ್ನೊಬ್ಬ ಸೇನಾಧಿಕಾರಿಯ ನೆನಪಿಗೆಂದು ಹೇಳಿ, ಹಳೆಯ ಹೆಸರನ್ನೇ ಮತ್ತೆ ಬರೆಸಲಾಗಿದೆ.