ಅಲೆಕ್ ರೀವ್ಸ್

ಅಲೆಕ್ ಹಾರ್ಲಿ ರೀವ್ಸ್ (10 ಮಾರ್ಚ್ 1902 – 13 ಅಕ್ಟೋಬರ್ 1971) ಬ್ರಿಟನ್ನಿನ ವಿದ್ಯುನ್ಮಾನ ಎಂಜಿನಿಯರ್. ಧ್ವನಿಯನ್ನು ಸಂಖ್ಯೆಗಳಾಗಿ ಪರಿವರ್ತಿಸಿ ರವಾನಿಸುವ ಪಲ್ಸ್ ಕೋಡ್ ಮಾಡ್ಯುಲೇಶನ್ (ಪಿಸಿಎಂ) ವಿಧಾನ ಇವರ ಆವಿಷ್ಕಾರ. ಡಿ ವರ್ಗದ ಆಂಪ್ಲಿಫೈಯರ್‌ನ ಮೂಲ ಕಲ್ಪನೆಯನ್ನೂ ಸಾಮಾನ್ಯವಾಗಿ ಇವರ ಹೆಸರಿಗೇ ಸಲ್ಲಿಸಲಾಗುತ್ತದೆ.

ಜೀವನ

ಇಂಗ್ಲೆಂಡಿನ ಸರ್ರೆ ಪ್ರಾಂತ್ಯದ ರೆಡ್‌ಹಿಲ್‌ನಲ್ಲಿ ಜನಿಸಿದರು. ಲಂಡನ್ನಿನಲ್ಲಿ ಎಂಜಿನಿಯರಿಂಗ್ ವ್ಯಾಸಂಗ ಮಾಡಿ, ಮುಂದೆ ಪ್ಯಾರಿಸ್‌ನ ದೂರವಾಣಿ ಪ್ರಯೋಗಾಲಯವನ್ನು ಸೇರಿದರು. ಅಲ್ಲಿಯೇ 1938ರಲ್ಲಿ ಪಿಸಿಎಂಗೆ ಪೇಟೆಂಟ್ ಅರ್ಜಿ ಸಲ್ಲಿಸಿದರು. ನಿರ್ವಾತ ಕವಾಟಗಳ ಆ ಕಾಲದಲ್ಲಿ ಅದು ದುಬಾರಿಯಾಗಿದ್ದು, ವ್ಯಾಪಕ ಬಳಕೆಗೆ ಟ್ರಾನ್ಸಿಸ್ಟರ್ ಬರುವವರೆಗೂ ಕಾಯಬೇಕಾಯಿತು. 1940ರಲ್ಲಿ ಜರ್ಮನ್ ಸೇನೆ ಪ್ಯಾರಿಸ್ ಸಮೀಪಿಸಿದಾಗ ಇಂಗ್ಲೆಂಡಿಗೆ ಮರಳಿದರು. ಯುದ್ಧಕಾಲದಲ್ಲಿ ಬಾಂಬರ್ ವಿಮಾನಗಳಿಗೆ ರೇಡಿಯೊ ಮೂಲಕ ದಾರಿ ತೋರುವ ಓಬೋ ವ್ಯವಸ್ಥೆಯನ್ನು ಎಫ್. ಇ. ಜೋನ್ಸ್ ಜೊತೆ ರೂಪಿಸಿದರು. ಮುಂದೆ ಇವರಿದ್ದ ಹಾರ್ಲೋ ಪ್ರಯೋಗಾಲಯದಲ್ಲೇ ಚಾರ್ಲ್ಸ್ ಕಾವೊ ಗಾಜಿನ ತಂತುವಿನ ಸಂವಹನದ ಬಗ್ಗೆ ಸಂಶೋಧನೆ ನಡೆಸಿದರು.

ಡಿ ವರ್ಗದ ಆಂಪ್ಲಿಫೈಯರ್

ಈ ಕಲ್ಪನೆ 1950ರ ದಶಕದ್ದು. ಎ ಮತ್ತು ಬಿ ವರ್ಗಗಳಲ್ಲಿ ಸಾಧನವು ಅರೆಬರೆ ತೆರೆದ ನಲ್ಲಿಯಂತೆ ಕೆಲಸ ಮಾಡಿ, ಸಾಕಷ್ಟು ಶಕ್ತಿಯನ್ನು ಶಾಖವಾಗಿ ಕಳೆದುಕೊಳ್ಳುತ್ತದೆ. ಬಿ ವರ್ಗದ ಗರಿಷ್ಠ ಸೈದ್ಧಾಂತಿಕ ದಕ್ಷತೆ ಶೇ. 78.5 ಮಾತ್ರ. ಡಿ ವರ್ಗದಲ್ಲಿ ಟ್ರಾನ್ಸಿಸ್ಟರ್ ಪೂರ್ಣ ತೆರೆದಿರುತ್ತದೆ, ಇಲ್ಲವೇ ಪೂರ್ಣ ಮುಚ್ಚಿರುತ್ತದೆ. ಸೆಕೆಂಡಿಗೆ ಲಕ್ಷಾಂತರ ಬಾರಿ ಹೀಗೆ ಬದಲಾಗುವ ಮಿಡಿತಗಳ ಅಗಲದಲ್ಲೇ ಧ್ವನಿಯ ಏರಿಳಿತ ಅಡಗಿರುತ್ತದೆ. ಸುರುಳಿ ಮತ್ತು ಕೆಪಾಸಿಟರ್‌ಗಳ ಶೋಧಕವು ಅದನ್ನು ಮತ್ತೆ ಧ್ವನಿಸಂಕೇತವಾಗಿಸುತ್ತದೆ. ಡಿ ಎಂಬುದು ಡಿಜಿಟಲ್‌ನ ಸಂಕ್ಷಿಪ್ತ ರೂಪವಲ್ಲ, ಎ, ಬಿ, ಸಿಗಳ ನಂತರದ ಅಕ್ಷರವಷ್ಟೆ.

ಕಲ್ಪನೆ ಸರಳ, ಕಾರ್ಯರೂಪ ಕಠಿಣ. 1964ರಲ್ಲಿ ಮಾರುಕಟ್ಟೆಗೆ ಬಂದ ಸಿಂಕ್ಲೇರ್ ಎಕ್ಸ್-10 ಕಿಟ್ ನಿರೀಕ್ಷೆ ಈಡೇರಿಸಲಿಲ್ಲ. ಅಂದಿನ ಟ್ರಾನ್ಸಿಸ್ಟರ್‌ಗಳು ಇಷ್ಟು ವೇಗಕ್ಕೆ ಸಿದ್ಧವಿರಲಿಲ್ಲ. ಎರಡು ಸ್ವಿಚ್ಚುಗಳು ಒಟ್ಟಿಗೆ ತೆರೆಯದಂತೆ ಬಿಡುವ ಸೂಕ್ಷ್ಮ ವಿರಾಮವೇ ಧ್ವನಿಯನ್ನು ವಿಕೃತಗೊಳಿಸುತ್ತದೆ. ಹಿಮ್ಮರಳಿಕೆಯನ್ನು ಶೋಧಕದ ಮೊದಲೇ ತೆಗೆದುಕೊಂಡರೆ ಸ್ಪೀಕರಿನ ಪ್ರತಿರೋಧ ಬದಲಾದಂತೆ ತಾರಸ್ವರಗಳು ಹೆಚ್ಚು ಕಡಿಮೆಯಾಗುತ್ತವೆ. ಶೋಧಕದ ನಂತರ ತೆಗೆದುಕೊಳ್ಳುವ ವಿನ್ಯಾಸಗಳಲ್ಲಿ ಈ ದೋಷ ಬಹುಮಟ್ಟಿಗೆ ತಗ್ಗುತ್ತದೆ. ಆದ್ದರಿಂದ ಎಲ್ಲ ಡಿ ವರ್ಗದ ಆಂಪ್ಲಿಫೈಯರ್‌ಗಳ ನಾದವೂ ಒಂದೇ ಎನ್ನುವುದು ಸರಿಯಲ್ಲ. ವೇಗದ ಮಾಸ್ಫೆಟ್‌ಗಳು ಬಂದ ಮೇಲೆ ಈ ವರ್ಗವು ಮೊಬೈಲ್‌ನಿಂದ ದೊಡ್ಡ ಸಭಾಂಗಣದವರೆಗೂ ಹರಡಿತು. ರಾಯಚೂರು, ದೇವದುರ್ಗ, ಮಾನ್ವಿಯಂತಹ ಬಿಸಿಲಿನ ಊರುಗಳಲ್ಲಿ ಕಡಿಮೆ ಕಾಯುವ ಯಂತ್ರ ಸಣ್ಣ ಅನುಕೂಲವೇನಲ್ಲ.

ಗೌರವ

1969ರಲ್ಲಿ ಸಿಬಿಇ ಪದವಿ ಲಭಿಸಿತು. ಅದೇ ವರ್ಷ ಬ್ರಿಟಿಷ್ ಅಂಚೆ ಇಲಾಖೆ ಪಿಸಿಎಂ ವಿಷಯದ ಅಂಚೆಚೀಟಿಯನ್ನು ಹೊರತಂದಿತು.