ಹಳ್ಳಿಯ ಬಾಗಿಲಿಗೆ ಬೆಳಕು ತಂದ ಡಾ. ಎಂ. ಸಿ. ಮೋದಿ

ಕಳೆದ ಶತಮಾನದ ಮಧ್ಯಭಾಗದಲ್ಲಿ ಹಳ್ಳಿಯ ವೃದ್ಧರ ಕಣ್ಣಿಗೆ ಪೊರೆ ಬಂದರೆ ಅದನ್ನು ಮುಪ್ಪಿನ ಪಾಲೆಂದೇ ಭಾವಿಸಲಾಗುತ್ತಿತ್ತು. ಕಡೂರು, ತರೀಕೆರೆ ತಾಲ್ಲೂಕುಗಳ ರೈತನೊಬ್ಬನಿಗೆ, ಅಂದು ತರೀಕೆರೆ ತಾಲ್ಲೂಕಿಗೇ ಸೇರಿದ್ದ ಅಜ್ಜಂಪುರದ ಕೂಲಿಕಾರನಿಗೆ, ಸುಮಾರು 200 ಕಿ.ಮೀ. ದೂರದ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆ ಸುಲಭದ ಮಾತಾಗಿರಲಿಲ್ಲ. ರೈಲಿನ ಖರ್ಚು, ಜೊತೆಗೆ ಬರುವವರ ಕೂಲಿ, ನಗರದಲ್ಲಿ ತಂಗುವ ಚಿಂತೆ ಇವೆಲ್ಲ ಸೇರಿ ಗುಣವಾಗಬಹುದಾದ ಕುರುಡು ಶಾಶ್ವತವಾಗಿ ಉಳಿಯುತ್ತಿತ್ತು. ರೋಗಿಯು ಆಸ್ಪತ್ರೆಗೆ ಬರಲಾರನಾದರೆ ಆಸ್ಪತ್ರೆಯೇ ರೋಗಿಯ ಬಳಿಗೆ ಹೋಗಬೇಕೆಂದು ನಂಬಿ, ನಂಬಿದಂತೆ ನಡೆದವರು ಡಾ. ಮುರುಗಪ್ಪ ಚನ್ನವೀರಪ್ಪ ಮೋದಿ.

ಇಂದಿನ ಬಾಗಲಕೋಟೆ ಜಿಲ್ಲೆಯ ಬೀಳಗಿ ಅವರ ಹುಟ್ಟೂರು. ವೈದ್ಯಶಿಕ್ಷಣ ಪಡೆದು ಮುಂಬಯಿಯಲ್ಲಿ ನೇತ್ರಚಿಕಿತ್ಸೆಯ ಅನುಭವ ಗಳಿಸಿದ ಮೋದಿಯವರಿಗೆ ನಗರದಲ್ಲಿ ನೆಮ್ಮದಿಯ ವೃತ್ತಿಜೀವನಕ್ಕೆ ಅವಕಾಶವಿತ್ತು. ಆದರೆ 1942ರ ಚಳವಳಿಯ ದಿನಗಳಲ್ಲಿ ಗಾಂಧೀಜಿಯವರ ವಿಚಾರಗಳಿಂದ ಪ್ರಭಾವಿತರಾದ ಅವರು ಗ್ರಾಮಗಳತ್ತ ಹೊರಳಿದರು. ಗುಜರಾತಿನ ಪಾಟಣದಲ್ಲಿ ಆರಂಭವಾದ ಉಚಿತ ನೇತ್ರಶಿಬಿರಗಳ ಸರಣಿ ಮುಂದಿನ ಐದು ದಶಕಗಳ ಕಾಲ ಬೆಳೆಯಿತು.

ಅವರ ಶಿಬಿರದ ವ್ಯವಸ್ಥೆ ಸರಳವಾಗಿತ್ತು. ಊರಿನ ಶಾಲೆಯೋ ಛತ್ರವೋ ಕೆಲವು ದಿನ ಆಸ್ಪತ್ರೆಯಾಗುತ್ತಿತ್ತು. ಊಟ, ಹಾಸಿಗೆಗಳ ಹೊಣೆಯನ್ನು ಊರಿನವರೇ ಹೊರುತ್ತಿದ್ದರು. ಸಹಾಯಕರು ರೋಗಿಗಳನ್ನು ಸಾಲುಮೇಜುಗಳ ಮೇಲೆ ಸಿದ್ಧಪಡಿಸಿದರೆ, ವೈದ್ಯರು ಒಂದು ಮೇಜಿನಿಂದ ಇನ್ನೊಂದಕ್ಕೆ ಸಾಗುತ್ತ ಪೊರೆ ತೆಗೆಯುತ್ತಿದ್ದರು. ಒಂದೇ ದಿನ 833 ಶಸ್ತ್ರಚಿಕಿತ್ಸೆ ನಡೆಸಿದ ದಾಖಲೆ ಗಿನ್ನೆಸ್ ಪುಸ್ತಕ ಸೇರಿತು. 1993ರ ಫೆಬ್ರವರಿಯವರೆಗೆ ಅವರು 46,120 ಹಳ್ಳಿಗಳಿಗೆ ಭೇಟಿಯಿತ್ತು, 6,10,564 ಶಸ್ತ್ರಚಿಕಿತ್ಸೆ ಮಾಡಿದರೆಂದು ಅದೇ ಪುಸ್ತಕ ದಾಖಲಿಸಿದೆ. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಅವರಿಗೆ ಸಂದವು.

ಅಂದಿನ ಚಿಕಿತ್ಸೆಗೆ ಅದರದೇ ಮಿತಿಗಳಿದ್ದವು. ಕಣ್ಣಿನೊಳಗಿನ ಸಹಜ ಮಸೂರ ಮಬ್ಬಾಗುವುದೇ ಪೊರೆ. ಆ ಕಾಲದಲ್ಲಿ ಮಸೂರವನ್ನು ಅದರ ಕೋಶಸಮೇತ ಹೊರತೆಗೆಯುತ್ತಿದ್ದರು. ಅದರ ಜಾಗಕ್ಕೆ ಬೇರೇನನ್ನೂ ಇಡುತ್ತಿರಲಿಲ್ಲ. ರೋಗಿಯು ದಪ್ಪ ಗಾಜಿನ ಕನ್ನಡಕವನ್ನೇ ನೆಚ್ಚಬೇಕಿತ್ತು. ಕನ್ನಡಕ ಒಡೆದರೆ ದೃಷ್ಟಿಯೂ ಹೋದಂತೆಯೇ ಸರಿ. ಶಾಲಾ ಕೊಠಡಿಗಳಲ್ಲಿ ಸೋಂಕಿನ ಅಪಾಯವೂ ಇತ್ತು. ಆದುದರಿಂದಲೇ ಇಂದು ಶಿಬಿರಗಳಲ್ಲಿ ತಪಾಸಣೆ ಮಾತ್ರ ನಡೆದು, ಶಸ್ತ್ರಚಿಕಿತ್ಸೆಗೆ ರೋಗಿಯನ್ನು ಸುಸಜ್ಜಿತ ಆಸ್ಪತ್ರೆಗೆ ಕರೆದೊಯ್ಯುವ ಪದ್ಧತಿ ಬಂದಿದೆ. ಇದರಿಂದ ಮೋದಿಯವರ ಕಾರ್ಯದ ಹಿರಿಮೆ ಕುಗ್ಗುವುದಿಲ್ಲ. ಅಂದು ಶಿಬಿರವನ್ನು ಬಿಟ್ಟರೆ ಬಹುಪಾಲು ಬಡವರಿಗೆ ಉಳಿಯುತ್ತಿದ್ದುದು ಕತ್ತಲೆಯೊಂದೇ.

1949ರಲ್ಲಿ ಲಂಡನ್ನಿನ ವೈದ್ಯ ಹೆರಾಲ್ಡ್ ರಿಡ್ಲಿ ಮೊದಲ ಬಾರಿಗೆ ಕಣ್ಣಿನೊಳಗೆ ಕೃತಕ ಮಸೂರ ಅಳವಡಿಸಿದರು. ಆ ವಿಧಾನ ಭಾರತದ ಸಾಮಾನ್ಯರನ್ನು ತಲುಪಲು ದಶಕಗಳೇ ಬೇಕಾದವು. ಈಗ ಚಿಕ್ಕ ಸೀಳಿನ ಮೂಲಕ ಪೊರೆಯನ್ನು ತೆಗೆದು ಅಲ್ಲಿಯೇ ಕೃತಕ ಮಸೂರ ಇಡಲಾಗುತ್ತದೆ. ಬಹುತೇಕ ಹೊಲಿಗೆ ಬೇಕಾಗುವುದಿಲ್ಲ, ಹೆಚ್ಚಿನವರು ಅದೇ ದಿನ ಅಥವಾ ಮರುದಿನ ಮನೆಗೆ ಮರಳುತ್ತಾರೆ. ಪೊರೆ ಪೂರ್ತಿ ಬಲಿಯಲಿ ಎಂದು ಕಾಯುವ ಹಳೆಯ ರೂಢಿಗೆ ಇಂದು ಅರ್ಥವಿಲ್ಲ. ಅತಿಯಾಗಿ ಬಲಿತ ಪೊರೆಯಿಂದ ಕಣ್ಣಿನ ಒತ್ತಡ ಏರುವ ಅಪಾಯವೂ ಉಂಟು.

ಪೊರೆಯಿಂದ ಹೋದ ದೃಷ್ಟಿಯನ್ನು ಮರಳಿ ಪಡೆಯಬಹುದು. ಆದರೆ ಗ್ಲಾಕೋಮಾದಿಂದ ಹೋದದ್ದು ಮರಳದು. ಕಣ್ಣಿನ ನರವನ್ನು ಹಾಳುಮಾಡುವ ಈ ರೋಗ ಹೆಚ್ಚಾಗಿ ನೋವಿಲ್ಲದೆ, ಅಂಚಿನ ನೋಟವನ್ನು ಮೊದಲು ಕಸಿಯುತ್ತ ಬರುತ್ತದೆ. ನಲವತ್ತು ದಾಟಿದವರು, ವಿಶೇಷವಾಗಿ ಮನೆತನದಲ್ಲಿ ಈ ರೋಗವಿರುವವರು, ಕಣ್ಣಿನ ಒತ್ತಡ ಮತ್ತು ನರದ ತಪಾಸಣೆ ಮಾಡಿಸಿಕೊಳ್ಳುವುದು ಒಳಿತು. ಹನಿಔಷಧ, ಲೇಸರ್ ಅಥವಾ ಶಸ್ತ್ರಚಿಕಿತ್ಸೆಯಿಂದ ಉಳಿದ ದೃಷ್ಟಿಯನ್ನು ಕಾಪಾಡಬಹುದು. ಮಧುಮೇಹಿಗಳು ವರ್ಷಕ್ಕೊಮ್ಮೆ ಅಕ್ಷಿಪಟಲದ ಪರೀಕ್ಷೆ ಮಾಡಿಸಬೇಕು. ನೋಟ ಚೆನ್ನಾಗಿದೆಯೆಂದು ಸುಮ್ಮನಿರಬಾರದು.

ಅಂಧತ್ವ ನಿಯಂತ್ರಣಕ್ಕಾಗಿ ಕೇಂದ್ರ ಸರ್ಕಾರ 1976ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿತು. ಅದಕ್ಕೂ ಮೂರು ದಶಕಗಳ ಮೊದಲೇ ಹಳ್ಳಿಯ ಹಾದಿ ಹಿಡಿದಿದ್ದ ಡಾ. ಮೋದಿ 2005ರ ನವೆಂಬರ್‌ನಲ್ಲಿ ನಿಧನರಾದರು. ಇಂದು ಅಜ್ಜಂಪುರವೂ ತಾಲ್ಲೂಕು ಕೇಂದ್ರವಾಗಿದೆ. ಶಿವಮೊಗ್ಗ, ಚಿಕ್ಕಮಗಳೂರುಗಳಲ್ಲಿ ಕಣ್ಣಿನ ಚಿಕಿತ್ಸೆ ದೊರೆಯುತ್ತದೆ. ದೂರ ಕಡಿಮೆಯಾಗಿದ್ದರೂ ಮಗನಿಗೆ ಬಿಡುವಿಲ್ಲವೆಂದು, ಸುಗ್ಗಿ ಮುಗಿಯಲೆಂದು ದಿನ ದೂಡುವ ಹಿರಿಯರು ಮನೆಮನೆಯಲ್ಲಿದ್ದಾರೆ. ನಗರದಲ್ಲಿ ನೆಲೆಸಿದ ಮಕ್ಕಳು ಮುಂದಿನ ಬಾರಿ ಊರಿಗೆ ಹೋದಾಗ ತಂದೆತಾಯಿಯರನ್ನು ಕಣ್ಣಿನ ವೈದ್ಯರ ಬಳಿ ಕರೆದೊಯ್ದರೆ, ಆ ಮಹನೀಯರ ಕೆಲಸವನ್ನು ಮುಂದುವರಿಸಿದಂತಾಗುತ್ತದೆ.